ನೀಲಕ್ಕನ ಕುರ್ಚಿಗೆ ಬಂದ ಅನುಮಾನ

“ಕುರ್ಚಿಗೆ ಎಂತದೂ ಆಗಲಿಲ್ಲ ಮೇಡಂ. ಕುರ್ಚಿ ಸರಿಯಾಗಿಯೇ ಉಂಟು. ನಿಮಗೇ ಏನೋ ಆಗಿದೆ ಅಂತ ಅದು ಹೇಳ್ತಾ ಉಂಟು.”

ಮಾತು ಬಂದದ್ದು ಗಾಲಿಕುರ್ಚಿಯ ಕೈಯಾಸರೆಯೊಳಗಿನ ಸಣ್ಣ ಸ್ಪೀಕರಿನಿಂದ. ಹೇಳಿದವಳು ಕುರ್ಚಿ ಕಂಪನಿಯ ಮಂಗಳೂರಿನ ನಿಗಾ ಕೇಂದ್ರದಲ್ಲಿ ಕೂತ ವಿಲ್ಮಾ. ಕೇಳಿಸಿಕೊಂಡವಳು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ, ಎರಡು ರಾಶಿಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ನಿಂತಿದ್ದ ನೀಲಾಂಬಿಕಾ. ಮಾರುಕಟ್ಟೆಗೆಲ್ಲ ಆಕೆ ನೀಲಕ್ಕ. ಕುರ್ಚಿ ತಾನೇ ಬ್ರೇಕು ಹಾಕಿಕೊಂಡು, ಬೆನ್ನ ಹಿಂದಿನ ಕೆಂಪು ದೀಪ ಹೊತ್ತಿಸಿ, “ದಯವಿಟ್ಟು ಗಾಳಿ ಬಿಡಿ, ಸವಾರರಿಗೆ ಮೂರ್ಛೆ ಬಂದಿದೆ” ಎಂದು ಸುತ್ತಲಿನವರಿಗೆಲ್ಲ ಸಾರುತ್ತಿತ್ತು. ಸವಾರರು ಮಾತ್ರ ಕಣ್ಣು ಕೆಂಪಗೆ ಮಾಡಿಕೊಂಡು ಅದನ್ನು ಬೈಯುತ್ತಿದ್ದರು.

“ಮೂರ್ಛೆ ಬಂದಾಕಿ ಹಿಂಗ ಮಾತಾಡ್ತಾಳೇನವಾ?”

ಅದೂ ಹೌದೆಂದು ವಿಲ್ಮಾ ಒಪ್ಪಿದಳು. ಆದರೆ ಬ್ರೇಕು ಬಿಡಿಸುವುದು ಅವಳ ಕೈಯಲ್ಲಿರಲಿಲ್ಲ. ಸವಾರರ ನಾಡಿ ಶಾಂತವಾದ ಮೇಲೆ ಕುರ್ಚಿಯೇ ಬಿಡಬೇಕು. ಸಿಟ್ಟಿನಲ್ಲಿರುವವರ ನಾಡಿ ಶಾಂತವಾಗುವುದು ಹೇಗೆ? ಬ್ರೇಕು ಬಿಡಲಿಲ್ಲವೆಂದು ಸಿಟ್ಟು, ಸಿಟ್ಟು ಇಳಿಯಲಿಲ್ಲವೆಂದು ಬ್ರೇಕು. ಅಷ್ಟರಲ್ಲಿ ಎರಡೂ ಕಡೆ ಹಮಾಲರು ಚೀಲ ಹೊತ್ತು ಸಾಲುಗಟ್ಟಿ ನಿಂತು, ಅಕ್ಕಾರ ಗಾಡಿಗೆ ಮತ್ತ ಸಿಗ್ನಲ್ ಬಿದ್ದೈತಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗತೊಡಗಿದ್ದರು.

ಹದಿನಾರನೇ ವಯಸ್ಸಿನಲ್ಲಿ ಬಂದ ಒಂದು ಜ್ವರ ನೀಲಕ್ಕನ ಕೈಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಕೊರಳಿನಿಂದ ಮೇಲೆ ಏನನ್ನೂ ಮುಟ್ಟಿರಲಿಲ್ಲ. ಆ ಮೂಗು, ಆ ಕಣ್ಣು, ಆ ಕಿವಿ ಇಟ್ಟುಕೊಂಡೇ ಅವಳು ಮಾರುಕಟ್ಟೆಯಲ್ಲಿ ಕಾಯಿಯ ದರ್ಜೆ ಹೇಳುವ ಕೆಲಸ ಹಿಡಿದದ್ದು. ರಾಶಿಯ ಮುಂದೆ ನಿಲ್ಲುತ್ತಾಳೆ. ಬಣ್ಣ ನೋಡುತ್ತಾಳೆ, ನೆರಿಗೆ ನೋಡುತ್ತಾಳೆ, ಘಮ ಎಳೆದುಕೊಳ್ಳುತ್ತಾಳೆ. ಹಮಾಲನೊಬ್ಬ ಅವಳ ಕಿವಿಯ ಹತ್ತಿರ ಒಂದು ಕಾಯಿ ಮುರಿಯುತ್ತಾನೆ. ಆ ಸದ್ದಿನಲ್ಲಿ ಹಸಿ ಎಷ್ಟಿದೆ ಎಂದು ತಿಳಿಯುತ್ತದೆ. ಆಮೇಲೆ ಒಂದನೆಯದು, ಎರಡನೆಯದು ಎನ್ನುತ್ತಾಳೆ. ಅವಳು ಹೇಳಿದ ಮೇಲೆ ಖರೀದಿದಾರರೂ ತಕರಾರು ಎತ್ತುವುದಿಲ್ಲ, ರೈತರೂ ಎತ್ತುವುದಿಲ್ಲ.

ಆ ನಂಬಿಕೆ ಸುಮ್ಮನೆ ಬಂದದ್ದಲ್ಲ. ಮೊದಮೊದಲು ಅವಳದು ತಳ್ಳುಗಾಲಿಯ ಕುರ್ಚಿ. ದಲಾಲಿ ಅಂಗಡಿಯ ಆಳು ತಳ್ಳುತ್ತಿದ್ದ. ಆಗ ಜನ, ಹಿಡಿಕೆ ಯಾರ ಕೈಯಾಗ ಐತೋ ಮಾತೂ ಅವರದೇ ಅನ್ನುತ್ತಿದ್ದರು. ಒಂದು ರಾಶಿಯ ಮುಂದೆ ಹೆಚ್ಚು ಹೊತ್ತು ನಿಲ್ಲಿಸಿದ, ಇನ್ನೊಂದನ್ನು ಓಡಿಸಿಕೊಂಡು ಹೋದ ಎಂದು ಗುಸುಗುಸು. ಮೋಟಾರು ಕುರ್ಚಿ ಬಂದ ಮೇಲೆಯೇ ಆ ಬಾಯಿಗಳು ಮುಚ್ಚಿದ್ದು. ಕೊರಳಿಗೆ ಒಂದು ಮೆತ್ತನೆಯ ಪಟ್ಟಿ. ಸ್ನಾಯು ಬಿಗಿಯುವಾಗ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಅದು ಹಿಡಿಯುತ್ತದೆ. ಎಡಕ್ಕೆ ಚೂರು ಬಿಗಿದರೆ ಎಡಕ್ಕೆ, ಬಲಕ್ಕೆ ಬಿಗಿದರೆ ಬಲಕ್ಕೆ, ಗದ್ದ ಎತ್ತಿದರೆ ಮುಂದಕ್ಕೆ. ತನಗೆ ಬೇಕಾದ ರಾಶಿಗೆ ತಾನೇ ಹೋಗಿ, ಬೇಕಾದಷ್ಟು ಹೊತ್ತು ನಿಂತು ಬರುವ ನೀಲಕ್ಕ ಹೀಗೆ ನೀಲಕ್ಕನಾದಳು.

ಆ ಕುರ್ಚಿಯೂ ಅವಳನ್ನು ಕಲಿತಿತ್ತು. ಅವಳು ನಕ್ಕಾಗ ಕೊರಳು ಹೇಗೆ ಅದುರುತ್ತದೆ, ಆಕಳಿಸಿದಾಗ ಹೇಗೆ ಎಳೆಯುತ್ತದೆ, ತಮ್ಮನನ್ನು ಬೈಯುವಾಗ ಹೇಗೆ ಜಗ್ಗುತ್ತದೆ, ಎಲ್ಲವನ್ನೂ ವರ್ಷಗಟ್ಟಲೆ ಕಲಿತು, ಇವು ಯಾವುವೂ ತನಗೆ ಕೊಟ್ಟ ಆಜ್ಞೆಯಲ್ಲ ಎಂದು ತಿಳಿದುಕೊಂಡಿತ್ತು. ಆಮೇಲೆ ಬಂತು ಹೊಸ ವ್ಯವಸ್ಥೆ: ಕುರ್ಚಿಗೊಂದು ಮನಸ್ಸು ಬೇಡ, ಎಲ್ಲ ಕುರ್ಚಿಗಳಿಗೂ ಸೇರಿ ಒಂದೇ ಮನಸ್ಸು ಸಾಕು. ಒಂದು ಊರಿನ ಕುರ್ಚಿ ಮೆಟ್ಟಿಲಲ್ಲಿ ಎಡವಿದರೆ ದೇಶದ ಅಷ್ಟೂ ಕುರ್ಚಿಗಳು ಮರುದಿನ ಮೆಟ್ಟಿಲಿಗೆ ಹೆದರುತ್ತವೆ. ಕೇಳುವುದಕ್ಕೆ ಒಳ್ಳೆಯ ಯೋಜನೆ, ನಿಜಕ್ಕೂ ಎಷ್ಟೋ ಜನರ ಜೀವ ಉಳಿಸಿತ್ತು. ಆದರೆ ಎಲ್ಲರ ಮನಸ್ಸು ಒಳಗೆ ಬರುವಾಗ ನೀಲಕ್ಕನ ಕುರ್ಚಿಯ ಸ್ವಂತ ನೆನಪು ಹೊರಗೆ ಹೋಯಿತು. ಅಂದಿನಿಂದ ಮಾರುಕಟ್ಟೆಯಲ್ಲಿ ನಡುನಡುವೆ ಅದಕ್ಕೊಂದು ಅನುಮಾನ ಬರತೊಡಗಿತು: ಈಕೆಗೆ ಮೂರ್ಛೆ ರೋಗವಿದೆ.

“ಇನ್ನೂ ಮೂರು ಸಲ ಹೀಗಾದ್ರೆ ಆರೈಕೆ ಸ್ಥಿತಿಗೆ ಹೋಗ್ತದೆ ಮೇಡಂ,” ವಿಲ್ಮಾ ಹೇಳಿದಳು. “ಆಮೇಲೆ ಹಿಂದೆ ಒಬ್ಬರು ಹಿಡಿಕೆ ಹಿಡಿದು ನಡೆಸ್ಬೇಕು. ಕೊರಳಪಟ್ಟಿ ಕೆಲಸ ಮಾಡುದಿಲ್ಲ.”

ನೀಲಕ್ಕ ಬೈಯುವುದನ್ನು ಬಿಟ್ಟಳು. ಬೈಗುಳ ನಿಂತದ್ದರಿಂದಲೋ ಏನೋ ನಾಡಿ ಇಳಿದು ಬ್ರೇಕು ಬಿಟ್ಟಿತು.

ಮನೆಯಲ್ಲಿ ತಮ್ಮ ಮುರಿಗೆಪ್ಪನ ತೀರ್ಮಾನ ಬೇರೆಯೇ ಇತ್ತು. ಮುರಿಗೆಪ್ಪನದು ಖಾರ ಕುಟ್ಟುವ ಗಿರಣಿ. ಅವನ ಪ್ರಕಾರ ಲೋಕದ ಯಾವ ಯಂತ್ರ ಕೆಟ್ಟರೂ ಕಾರಣ ಎರಡೇ, ಒಂದು ದೂಳು, ಇನ್ನೊಂದು ದಾರ. ದಿನಾ ಸಂಜೆ ಅಕ್ಕನನ್ನು ಮಂಚಕ್ಕೆ ಇಳಿಸಿದ ಮೇಲೆ ಕುರ್ಚಿಯನ್ನು ಅಂಗಳದಲ್ಲಿ ಬುಡಮೇಲು ಮಾಡಿ, ಮುಂದಿನ ಸಣ್ಣ ಗಾಲಿಗಳಿಗೆ ಸುತ್ತಿಕೊಂಡ ಗೋಣಿದಾರವನ್ನು ದಬ್ಬಳದಿಂದ ಎಳೆದೆಳೆದು ತೆಗೆಯುತ್ತಿದ್ದ. ಸೈಕಲ್ ಪಂಪಿನಿಂದ ಮೋಟಾರಿನ ಸಂದುಗಳಿಗೆ ಗಾಳಿ ಹೊಡೆದು, ಹಾರಿದ ಕೆಂಪು ದೂಳಿಗೆ ತಾನೇ ಸೀನುತ್ತಿದ್ದ. ಬ್ಯಾಟರಿಯ ಕೊಂಡಿಗೆ ಗ್ರೀಸು, ಗಾಲಿಗೆ ಗಾಳಿ, ಕೊರಳಪಟ್ಟಿಗೆ ಒದ್ದೆ ಬಟ್ಟೆ. ಇಷ್ಟು ವರ್ಷ ಕುರ್ಚಿ ನಡೆದದ್ದು ಇದರಿಂದಲೇ, ಕಂಪನಿಯಿಂದಲ್ಲ ಎಂದು ಅವನ ನಂಬಿಕೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಂದು ಮಾತ್ರ ಅವನು ಮುಚ್ಚಳ ಬಿಚ್ಚಿ ಎರಡೂ ಮೋಟಾರು ಹೊರಗೆ ತೆಗೆದ. ಒಳಗೆ ಹಿಡಿದ ದೂಳನ್ನು ಒಂದು ತಟ್ಟೆಗೆ ಸುರಿದು ತಂದು ಅಕ್ಕನಿಗೆ ತೋರಿಸಿದ. ಅಡಿಗೆಗೆ ಆಗುವಷ್ಟಿತ್ತು.

“ಇದ ನೋಡು ರೋಗ. ಇನ್ನ ಮ್ಯಾಲೆ ನಿಲ್ಲೂದಿಲ್ಲ ತಗಿ.”

ಮರುದಿನ ಮಾರುಕಟ್ಟೆಯಲ್ಲಿ ಮೂರನೇ ರಾಶಿಯ ಮುಂದೆ ನಿಂತಿತು. ಈಗ ಉಳಿದದ್ದು ಎರಡು.

ಕಂಪನಿಯಿಂದ ಒಬ್ಬ ತಂತ್ರಜ್ಞ ಬಂದ. ಮುಚ್ಚಳ ಬಿಚ್ಚಿದ ಗುರುತು ನೋಡಿ ಮುಖ ಸಣ್ಣದು ಮಾಡಿದ. ಹೊಸ ಕೊರಳಪಟ್ಟಿ ಕಟ್ಟಿ, ಅಂಗಳದಲ್ಲಿ ಎರಡು ಸುತ್ತು ಓಡಾಡಿಸಿ, ಎಲ್ಲ ಸರಿಯಿದೆ ಎಂದು ಫೋಟೋ ತೆಗೆದುಕೊಂಡ. ಅಂಗಳದಲ್ಲಿ ಅದು ಯಾವತ್ತೂ ಸರಿಯಾಗಿಯೇ ಇರುತ್ತದೆ, ಮಾರುಕಟ್ಟೆಗೆ ಬಂದು ನೋಡಪ್ಪ ಎಂದು ನೀಲಕ್ಕ ಹೇಳಿದ್ದಕ್ಕೆ, ತನಗೆ ಖಾರದ ದೂಳು ಆಗುವುದಿಲ್ಲವೆಂದು ಕೈಮುಗಿದು ಬಸ್ಸು ಹತ್ತಿದ.

ಸೀನಿನ ಮಾತು ತೆಗೆದವಳು ವಿಲ್ಮಾ. ತಂತ್ರಜ್ಞನ ವರದಿಯಲ್ಲಿ ಆ ದೂಳಿನ ಮಾತು ಓದಿ ಅವಳಿಗೆ ಹೊಳೆದಿತ್ತು. ಮೆಣಸಿನಕಾಯಿ ಮಾರುಕಟ್ಟೆ ಅಂದ ಮೇಲೆ ಸೀನು ಇರಲೇಬೇಕು. ಸೀನುವಾಗ ಕೊರಳು ಜಗ್ಗುತ್ತದೆ. ದೇಶದ ಉಳಿದ ಸವಾರರು ದಿನಕ್ಕೊಮ್ಮೆ ಸೀನುವವರು, ಆದ್ದರಿಂದ ಕುರ್ಚಿಗೆ ಇಷ್ಟು ಸೀನಿನ ಪರಿಚಯವಿಲ್ಲ. ಪರಿಚಯ ಮಾಡಿಸಿದರಾಯಿತು. ಮಾಸ್ಕ್ ಹಾಕಿಕೊಳ್ಳಬಹುದಲ್ಲ ಎಂದೂ ಕೇಳಿದಳು. ಮೂಗು ಕಟ್ಟಿಕೊಂಡು ಘಮ ನೋಡುವುದು ಹೇಗೆಂದು ನೀಲಕ್ಕ ಕೇಳಿದ ಮೇಲೆ ಆ ಮಾತು ಬಿಟ್ಟಳು.

ಹೀಗೆ ಒಂದು ಮಧ್ಯಾಹ್ನ ಮನೆಯಲ್ಲೇ ಪಾಠ. ಮುರಿಗೆಪ್ಪನ ಹೆಂಡತಿ ಕಿಟಕಿ ಮುಚ್ಚಿ, ಕಾದ ಹೆಂಚಿನ ಮೇಲೆ ಒಂದು ಹಿಡಿ ಕಾಯಿ ಹಾಕಿದಳು. ನೀಲಕ್ಕ ಸೀನಿದ ಪ್ರತಿ ಸಲವೂ “ಇದು ಸೀನು” ಎಂದು ಕುರ್ಚಿಗೆ ಹೇಳಬೇಕು. ಘಾಟು ಏರಿತು. ನೀಲಕ್ಕ ಸೀನಿದಳು, ಹೇಳಿದಳು. ಮತ್ತೆ ಸೀನಿದಳು, ಹೇಳುವ ಮುಂಚೆಯೇ ಮುರಿಗೆಪ್ಪ ಸೀನಿದ. ಕುರ್ಚಿ, “ಇದು ಯಾರ ಸೀನು?” ಎಂದು ಕೇಳಿತು. ಅದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿ ಆ ಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆಯಾಚೆಯಿಂದ ನೆರೆಮನೆಯ ಮುದುಕಿ, ಯಾರಿಗೆ ದೃಷ್ಟಿ ತೆಗಿಯಾಕತ್ತೀರಿ, ಇಷ್ಟು ಘಾಟು ಬರಾಕತ್ತೈತಿ ಅಂದ್ರ ದೃಷ್ಟಿ ಆಗೇ ಇಲ್ಲ ಬಿಡ್ರಿ ಎಂದು ಕೂಗಿ ಸಮಾಧಾನ ಹೇಳಿದಳು. ಮಂಗಳೂರಿನಲ್ಲಿ ವಿಲ್ಮಾ ಕಿವಿಯ ಹೆಡ್‌ಫೋನು ತೆಗೆದಿಟ್ಟು ನಕ್ಕಳು. ಕುರ್ಚಿ ಮಾತ್ರ ಒಂದು ಸಲವೂ ಬ್ರೇಕು ಹಾಕಿಕೊಳ್ಳಲಿಲ್ಲ. ಪಾಠ ಮುಗಿದಾಗ, ಸೀನು ಅರ್ಥವಾಯಿತು, ಧನ್ಯವಾದ ಎಂದು ಅದೇ ಹೇಳಿತು.

ಎರಡು ದಿನ ಮಾರುಕಟ್ಟೆಯಲ್ಲಿ ಚೆನ್ನಾಗಿ ನಡೆಯಿತು. ಮೂರನೇ ದಿನ, ಜನ ತುಂಬಿದ ಹೊತ್ತಿನಲ್ಲಿ, ಒಂದು ದೊಡ್ಡ ರಾಶಿಯ ಮುಂದೆ ಮತ್ತೆ ಅದೇ ಬ್ರೇಕು, ಅದೇ ದೀಪ, ದಯವಿಟ್ಟು ಗಾಳಿ ಬಿಡಿ. ಈಗ ಉಳಿದದ್ದು ಒಂದೇ.

ಆ ಸಂಜೆ ನೀಲಕ್ಕ ಉಣ್ಣಲಿಲ್ಲ. ದಲಾಲಿ ಅಂಗಡಿಯ ಗುಳಪ್ಪ ಮನೆಗೇ ಬಂದು, ಕಟ್ಟೆಯ ಮೇಲೆ ಕೂತು, ಬಹಳ ನಯವಾಗಿ ಮಾತಾಡಿ ಹೋಗಿದ್ದ. ಹಿಡಿಕೆ ಹಿಡಿಯೋಕೆ ತನ್ನ ಅಂಗಡಿಯ ಹುಡುಗನನ್ನೇ ಕಳಿಸುತ್ತೇನೆ, ಅದರಲ್ಲೇನು ತಪ್ಪು ಎಂದಿದ್ದ. ಅದರಲ್ಲಿ ಏನು ತಪ್ಪೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಮುರಿಗ್ಯಾ, ನಾ ಈ ಕುರ್ಚಿಗೆ ಏನ ಮಾಡೀನೋ?” ಎಂದಳು ನೀಲಕ್ಕ. “ನೀ ದಿನಾ ಅದರ ಕಾಲ ಹಿಡದು ದಾರ ತಗೀತಿ. ನಾ ಅದಕ್ಕ ಪಾಠ ಹೇಳೀನಿ. ಇನ್ನೂ ಏನ ಸೇವಾ ಮಾಡಬೇಕು?”

ಮುರಿಗೆಪ್ಪ ದಾರವಿಲ್ಲದ ಗಾಲಿಯನ್ನೇ ಮತ್ತೆ ತಿರುಗಿಸಿ ನೋಡಿದ.

ಮಂಗಳೂರಿನ ನಿಗಾ ಕೇಂದ್ರವೆಂದರೆ ಒಂದು ತಣ್ಣನೆಯ ಕೋಣೆ, ಗೋಡೆ ತುಂಬ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಎಲ್ಲೋ ಒಂದು ಊರಿನಲ್ಲಿ ಓಡಾಡುತ್ತಿರುವ ಒಂದು ಕುರ್ಚಿ. ಯಾವುದಾದರೂ ಕೆಂಪಾದರೆ ಅದರ ಪಾಲಿನವರು ಮಾತಾಡಿಸಬೇಕು. ಮರುದಿನ ಬೆಳಿಗ್ಗೆ ವಿಲ್ಮಾ ತನ್ನ ಪಾಲಿನ ಚುಕ್ಕಿಗಳನ್ನು ಪಕ್ಕದವಳಿಗೆ ಒಪ್ಪಿಸಿ, ನೀಲಕ್ಕನ ಕುರ್ಚಿ ನಿಂತ ಎಲ್ಲ ಸಲವೂ ಅದರ ಕ್ಯಾಮೆರಾ ಹಿಡಿದ ದೃಶ್ಯಗಳನ್ನು ಒಂದಾದ ಮೇಲೊಂದು ನೋಡಿದಳು. ಇಲ್ಲಿಯತನಕ ನೋಡಿದ್ದು ಗೆರೆಗಳನ್ನು: ಕೊರಳಿನ ಗೆರೆ, ಉಸಿರಿನ ಗೆರೆ, ನಾಡಿಯ ಗೆರೆ. ಈ ಸಲ ಸದ್ದು ಹಾಕಿಕೊಂಡು ನೋಡಿದಳು.

ಅಬ್ಬಾ ಆ ಮಾರುಕಟ್ಟೆಯ ಸದ್ದು. ಹಮಾಲ ಸೀನುತ್ತಾನೆ, ಖರೀದಿದಾರ ಸೀನುತ್ತಾನೆ, ಚಹಾ ತಂದವನು ಲೋಟ ಕೆಳಗಿಟ್ಟು ಸೀನುತ್ತಾನೆ. ಅಷ್ಟು ಸೀನಿನ ನಡುವೆ ಒಬ್ಬಳು ಮಾತ್ರ ಸೀನುವುದಿಲ್ಲ. ಕುರ್ಚಿ ನಿಲ್ಲುವ ತುಸು ಮುಂಚೆ ಅವಳ ಕಣ್ಣು ಅರ್ಧ ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ, ಕೊರಳಿನ ನರಗಳು ಹಗ್ಗದಂತೆ ಏಳುತ್ತವೆ. ಒಂದಷ್ಟು ಹೊತ್ತು ಹಾಗೇ. ಆಮೇಲೆ ಇಳಿಯುತ್ತದೆ.

ವಿಲ್ಮಾ ಕೂಡಲೇ ಕರೆ ಮಾಡಿದಳು. ಮೇಡಂ ಎನ್ನುವುದನ್ನು ಅಂದು ಮರೆತಳು.

“ಅಕ್ಕ, ನೀವು ಮಾರ್ಕೆಟಲ್ಲಿ ಸೀನುದೇ ಇಲ್ವಾ?”

“ಮಂದಿ ರಾಶಿ ಮುಂದ ಸೀನಿದ್ರ ಹ್ಯಾಂಗವಾ? ನುಂಗತೀನಿ.”

ಹೇಳಿದ ಮೇಲೆ ನೀಲಕ್ಕನಿಗೇ ತಾನು ಏನು ಹೇಳಿದೆ ಎಂದು ಹೊಳೆಯಿತು. ಆ ಕೆಲಸ ಹಿಡಿದ ಮೊದಲ ವರ್ಷ, ಒಬ್ಬ ರೈತನ ರಾಶಿಯ ಮುಂದೆ ನಿಂತು ಇನ್ನೇನು ದರ್ಜೆ ಹೇಳಬೇಕು, ಆಗ ಒಂದು ಸೀನು ಬಿದ್ದಿತ್ತು. ಒಂದೇ ಒಂದು; ಇನ್ನೊಂದು ಬಂದು ಜೋಡಿಯಾಗಿದ್ದರೆ ಅಪಶಕುನ ಕಳೆಯುತ್ತಿತ್ತು. ರೈತ ಹರವಿದ ಕಾಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಗಾಡಿ ಹೊಡೆದುಕೊಂಡು ಊರಿಗೆ ಹೋದ. ವರ್ಷದ ಬೆಳೆ ಮಾರುವ ಹೊತ್ತಿನಲ್ಲಿ ಒಂಟಿ ಸೀನೆಂದರೆ ಯಾರಿಗೆ ತಾನೇ ಎದೆ ಝಲ್ಲೆನ್ನುವುದಿಲ್ಲ? ಅಂದಿನಿಂದ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಉಸಿರು ಕಟ್ಟಿ, ಬಂದ ಸೀನನ್ನು ಬಂದ ದಾರಿಗೇ ಕಳಿಸುವುದನ್ನು ಅವಳು ಕಲಿತಳು. ಕಲಿತದ್ದು ಮರೆತೂ ಹೋಗಿತ್ತು, ಅಷ್ಟು ರೂಢಿ. ಕುರ್ಚಿಯ ಹಳೆಯ ಮನಸ್ಸಿಗೆ ಅದೂ ಗೊತ್ತಿತ್ತು. ಮನೆಯ ಪಾಠದಲ್ಲಿ ಅದು ಬರಲೇ ಇಲ್ಲ. ಮನೆಯಲ್ಲಿ ಯಾರ ರಾಶಿಯಿತ್ತು, ಸೀನು ನುಂಗುವುದಕ್ಕೆ?

“ಹಂಗಾರ ಅದನ್ನೂ ಕಲಿಸ್ರಿ,” ಎಂದಳು ನೀಲಕ್ಕ. ದನಿಯಲ್ಲಿ ಎಷ್ಟೋ ದಿನದ ಮೇಲೆ ಹುರುಪು ಬಂದಿತ್ತು.

ವಿಲ್ಮಾ ಅರ್ಜಿ ಬರೆದು ಕೇಂದ್ರದ ವೈದ್ಯ ಡಾಕ್ಟರ್ ಅಡ್ಯಂತಾಯರ ಮುಂದೆ ನಿಂತಳು. ಅವರು ಕೆಟ್ಟವರಲ್ಲ. ದೃಶ್ಯವನ್ನು ಎರಡೆರಡು ಸಲ ನೋಡಿದರು, ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ಇನ್ನೊಂದು ದೃಶ್ಯ ತೆಗೆದು ತೋರಿಸಿದರು. ಬೇರೊಂದು ಊರು, ಕೆರೆ ಏರಿಯ ಮೇಲೆ ಒಬ್ಬಳು ಎಳೆಯ ಹುಡುಗಿಯ ಕುರ್ಚಿ. ಅವಳ ಕಣ್ಣು ಅರ್ಧ ಮುಚ್ಚಿತು, ಉಸಿರು ನಿಂತಿತು, ಕೊರಳಿನ ನರ ಎದ್ದಿತು. ಕುರ್ಚಿ ನೀರಿನ ಅಂಚಿಗೆ ಸ್ವಲ್ಪ ಈಚೆ ಬ್ರೇಕು ಹಾಕಿಕೊಂಡು ನಿಂತಿತು. ಆ ಹುಡುಗಿಗೆ ಬಂದದ್ದು ನಿಜವಾದ ಮೂರ್ಛೆ. ಎರಡು ದೃಶ್ಯಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ವ್ಯತ್ಯಾಸ ಕಾಣುತ್ತಿರಲಿಲ್ಲ.

“ಮನಸ್ಸು ಎಲ್ಲದಕ್ಕೂ ಒಂದೇ ಅಲ್ವಾ,” ಎಂದರು ಅಡ್ಯಂತಾಯರು. “ಬ್ಯಾಡಗಿಯಲ್ಲಿ ಇದನ್ನು ಬಿಡು ಅಂತ ಕಲಿಸಿದ್ರೆ ಅಲ್ಲಿಯೂ ಬಿಡ್ತದೆ.”

ಬ್ಯಾಡಗಿಗೆ ಬೇರೆ ಮನಸ್ಸು ಕೊಡಲಿಕ್ಕೆ ಆಗುವುದಿಲ್ಲವೇ ಎಂದು ವಿಲ್ಮಾ ಕೇಳಿದಳು. ಮೊದಲು ಹಾಗೆಯೇ ಇತ್ತು, ಅದನ್ನು ತೆಗೆದು ಹಾಕುವುದಕ್ಕೇ ಇಷ್ಟೆಲ್ಲ ಮಾಡಿದ್ದು, ಮೇಲಿನವರಿಗೆ ಬರೆಯುತ್ತೇನೆ, ಉತ್ತರ ಯಾವಾಗ ಬರುತ್ತದೋ ಗೊತ್ತಿಲ್ಲ ಎಂದರು. ಅಷ್ಟರ ಮೇಲೆ ಅವರ ಕೈಯಲ್ಲೂ ಏನೂ ಇರಲಿಲ್ಲ.

ಇದನ್ನೆಲ್ಲ ವಿಲ್ಮಾ ಒಂದೂ ಮುಚ್ಚಿಡದೆ ನೀಲಕ್ಕನಿಗೆ ಹೇಳಿದಳು, ಕೆರೆ ಏರಿಯ ಹುಡುಗಿಯ ಸಂಗತಿಯನ್ನೂ. ನೀಲಕ್ಕ ಹಲ್ಲು ಕಚ್ಚಿಕೊಂಡು ಕೇಳಿದಳು. ಜಗಳವಾಡಬೇಕೆಂದು ಬಾಯಿ ತೆರೆದರೆ ಎದುರಿಗೆ ಆ ಹುಡುಗಿ ಬಂದು ನಿಲ್ಲುತ್ತಿದ್ದಳು. ಕಂಪನಿಯವನ ಮೇಲೆ ಸಿಟ್ಟು ಮಾಡಬಹುದು, ಡಾಕ್ಟರರ ಮೇಲೂ ಮಾಡಬಹುದು. ಗುರುತು ಪರಿಚಯವಿಲ್ಲದ ಒಂದು ಕೂಸಿನ ಮೇಲೆ ಹೇಗೆ ಸಿಟ್ಟು ಮಾಡುವುದು?

“ಅಂದ್ರ ನಾನ ಬದಲಾಗಬೇಕು. ಹೌದಿಲ್ಲೋ?”

“ಸೀನಿಬಿಡಿ ಅಕ್ಕ. ಸೀನು ಅದಕ್ಕೆ ಈಗ ಗೊತ್ತುಂಟು.”

“ನಿನಗ ಗೊತ್ತಿಲ್ಲ ತಂಗಿ. ಆ ರಾಶಿ ನಿನ್ನದಲ್ಲ,” ಎಂದು ಕರೆ ಮುಗಿಸಿದಳು ನೀಲಕ್ಕ.

ಮುಂದಿನ ಸಂತೆಗೆ ಅವಳು ಬೇಗನೆ ಹೋದಳು, ಗಾಳಿ ಬಿಸಿಯಾಗುವ ಮುಂಚೆ, ದೂಳು ಏಳುವ ಮುಂಚೆ ಆದಷ್ಟು ರಾಶಿ ಮುಗಿಸೋಣವೆಂದು. ಮುಗಿಸಿದಳು ಕೂಡ. ಸೀನು ಬರುವ ಸೂಚನೆ ಕಂಡಾಗಲೆಲ್ಲ ರಾಶಿ ಬಿಟ್ಟು ದೂರ ಸರಿದು ಬಾಗಿಲ ಕಡೆ ಹೋಗಿ ಸೀನಿ ಬಂದಳು. ಆದರೆ ಹೋಗಿ ಬರುವುದರಲ್ಲೇ ಹೊತ್ತೇರಿತು. ಯಾಕ ನಮ್ಮ ರಾಶಿ ಬಿಟ್ಟು ಓಡ್ತಾಳ, ಏನರ ಹುಳುಕು ಕಂಡೈತೇನು ಎಂದು ಒಬ್ಬಿಬ್ಬರು ರೈತರು ಆಗಲೇ ಮುಖ ಗಂಟು ಹಾಕಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ಗುಳಪ್ಪ ತನ್ನ ಹುಡುಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ನೋಡುತ್ತಿದ್ದ.

ಕೊನೆಯ ಸಾಲಿನಲ್ಲಿ ಫಕೀರವ್ವನ ರಾಶಿ. ಗಂಡ ತೀರಿದ ಮೇಲೆ ತಾನೇ ನಿಂತು ಹೊಲ ಮಾಡಿಸಿ, ಮೊದಲ ಸಲ ತಾನೇ ಮಾಲು ತಂದಿದ್ದ ಹೆಂಗಸು. ಕಾಯಿ ಕಡುಗೆಂಪು, ನೆರಿಗೆ ಒತ್ತಾಗಿ, ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ನೀಲಕ್ಕ ರಾಶಿಯ ಅಂಚಿಗೆ ಕುರ್ಚಿ ತಂದು ಘಮ ಎಳೆದುಕೊಂಡಳು. ಸುತ್ತ ಖರೀದಿದಾರರು ಕೂಡಿದರು. ಹಮಾಲ ಕಿವಿಯ ಹತ್ತಿರ ಕಾಯಿ ಮುರಿದ. ಹಿಂದುಗಡೆ ಯಾರೋ ಚೀಲ ಕೊಡವಿದರು.

ಸೂಚನೆ ಕೊಡದೆ ಬಂತು. ಸರಿಯುವುದಕ್ಕೆ ಜಾಗವಿರಲಿಲ್ಲ, ಹಿಂದೆ ಜನ, ಮುಂದೆ ರಾಶಿ. ನಾಲಿಗೆ ತಾನಾಗಿ ಅಂಗುಳಕ್ಕೆ ಹೋಗಿ ಒತ್ತಿಕೊಂಡಿತು. ಕೊರಳು ಬಿಗಿಯತೊಡಗಿತು. ಇದೊಂದು ಸಲ ನಿಂತರೆ ಇನ್ನು ಕುರ್ಚಿ ಅವಳದಲ್ಲ.

ನೀಲಕ್ಕ ನಾಲಿಗೆ ಬಿಟ್ಟಳು.

ಇಷ್ಟು ವರ್ಷದ ಬಾಕಿಯೆಲ್ಲ ಸೇರಿ ಬಂದಂತಹ ಸೀನು. ರಾಶಿಯ ಅಂಚಿನ ಎರಡು ಕಾಯಿ ಉರುಳಿದವು. ಕುರ್ಚಿ ಒಮ್ಮೆ ಅಲುಗಿ ಸುಮ್ಮನಾಯಿತು. ದೀಪ ಹತ್ತಲಿಲ್ಲ. ಸುತ್ತ ನಿಂತವರು ಮಾತ್ರ ಮಾತು ನಿಲ್ಲಿಸಿ, ಬಾಯಲ್ಲೇ ಎಣಿಸುವವರಂತೆ ಕಾದರು. ಇನ್ನೊಂದು ಬರಲಿಲ್ಲ. ನೀಲಕ್ಕ ಮೂಗನ್ನು ಎಷ್ಟು ಎಳೆದರೂ ಬರಲಿಲ್ಲ. ಖರೀದಿದಾರನೊಬ್ಬ ಕೆಮ್ಮಿ, ಪಕ್ಕದ ರಾಶಿಯ ಕಡೆ ಹೆಜ್ಜೆ ಕಿತ್ತ.

“ತಪ್ಪು ನಂದವಾ,” ಎಂದಳು ನೀಲಕ್ಕ. “ನುಂಗಿದ್ರ ಈ ಕುರ್ಚಿ ನನ್ನ ಕೈಬಿಡ್ತಿತ್ತು. ನಿನ್ನ ಮಾಲಿನ ಮುಂದ ನನ್ನ ಕುರ್ಚಿ ನೋಡಿಕೊಂಡ್ನಿ.”

ಫಕೀರವ್ವ ಸೆರಗು ಬಿಗಿದುಕೊಂಡು ರಾಶಿ ನೋಡಿದಳು, ಕುರ್ಚಿ ನೋಡಿದಳು, ಅದರ ಹಿಂದಿನ ಖಾಲಿ ಹಿಡಿಕೆಗಳನ್ನು ನೋಡಿದಳು.

“ನೀನ ಬಂದಿ ಅಂತ ನಿಂತೀನಿ. ಮತ್ತೊಬ್ರು ದಬ್ಬಿಕೊಂಡು ತಂದಿದ್ರ ನಾ ಚೀಲಾನ ಬಿಚ್ಚತಿದ್ದಿಲ್ಲ. ಈಗ ಏನೂ ಹೇಳಬ್ಯಾಡ, ತಡಿ.”

ಬಗ್ಗಿ ರಾಶಿಯೊಳಗಿನಿಂದ ಒಂದು ಕಾಯಿ ಆರಿಸಿದಳು. ಎರಡು ತುಂಡು ಮಾಡಿ, ಬೀಜ ಉದುರುತ್ತಿದ್ದಂತೆಯೇ ಮೂಗಿಗೆ ಹಿಡಿದು, ಕಣ್ಣುಮುಚ್ಚಿ ಉಸಿರು ಎಳೆದಳು. ಮುಖ ಕೆಂಪೇರಿತು. ಹೆಜ್ಜೆ ಕಿತ್ತ ಖರೀದಿದಾರ ತಿರುಗಿ ನಿಂತ. ಫಕೀರವ್ವ ತನ್ನ ರಾಶಿಯ ಮುಂದೆ ನಿಂತು, ಇಡೀ ಸಾಲಿಗೆ ಕೇಳುವಂತೆ ಸೀನಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು.

ನೀಲಕ್ಕನ ಕೊರಳು ಎಡಕ್ಕೆ ಚೂರು ಬಿಗಿಯಿತು, ಕುರ್ಚಿ ರಾಶಿಯ ಆ ಬದಿಗೆ ತಿರುಗಿತು.